ಹೆಚ್ಚಿದ್ದು ಅಪರಾಧವೋ, ದೂರೋ?



"ಗ್ರಾಮಾಂತರ ಪ್ರದೇಶದಲ್ಲಿ ಅಪರಾಧ ಹೆಚ್ಚಳ" ಎಂಬ ತಲೆಬರಹವನ್ನು ಪತ್ರಿಕೆಗಳಲ್ಲಿ ನೀವು ಆಗಾಗ ನೋಡಿರುತ್ತೀರಿ. ನೋಡಿದವರು "ಕಾಲ ಕೆಟ್ಟಿತು" ಎನ್ನುತ್ತಾರೆ. ಇನ್ನೊಂದು ಊರಿನ ಬಗ್ಗೆ "ಅಲ್ಲಿ ಒಂದು ಕೇಸೂ ಇಲ್ಲ, ಬಹಳ ಒಳ್ಳೆಯ ಊರು" ಎಂದು ಹೊಗಳುತ್ತಾರೆ. ಈ ಎರಡು ಮಾತುಗಳೂ ಸರಿಯಾಗಿರಬಹುದು, ಎರಡೂ ತಪ್ಪಾಗಿರಬಹುದು. ಅಪರಾಧದ ಅಂಕಿಅಂಶ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿಯದೆ ತೀರ್ಮಾನಕ್ಕೆ ಬರುವುದು ಸಲ್ಲದು.

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆನಂದಪುರ ಸಿಗುತ್ತದೆ. ಅದೊಂದು ಹೋಬಳಿ ಕೇಂದ್ರ. ಅಲ್ಲಿ ಪೊಲೀಸ್ ಠಾಣೆಯೂ ಇದೆ, ರೈಲು ನಿಲ್ದಾಣವೂ ಇದೆ. ಸುತ್ತ ಗದ್ದೆ, ಅಡಿಕೆ ತೋಟ, ಕಾಡು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಇಂತಹ ಊರುಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ತಿಳಿದುಕೊಳ್ಳೋಣ.

ಅಳೆಯುವ ಕೊಳಗ ಯಾವುದು?

ಸಾಗರ ತಾಲ್ಲೂಕಿನ ಕಾಗೋಡು ನಿಮಗೆ ಇತಿಹಾಸದ ಪಾಠದಿಂದ ಗೊತ್ತು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ಜಗಳಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಭತ್ತ ಅಷ್ಟೇ ಇದ್ದರೂ ಕೊಳಗ ದೊಡ್ಡದಾದರೆ ಲೆಕ್ಕವೇ ಬದಲಾಗುತ್ತದೆ. ಎಚ್. ಗಣಪತಿಯಪ್ಪನವರು ಸಂಘಟಿಸಿದ ಗೇಣಿದಾರರು 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭಿಸಿದರು. ಭೂಮಿಗೆ ಇಳಿದು ನೇಗಿಲು ಹೂಡಿದವರನ್ನು ತಂಡತಂಡವಾಗಿ ಬಂಧಿಸಲಾಯಿತು. ಬೆಂಬಲಕ್ಕೆ ಬಂದ ಡಾ. ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು.

ಆ ವರ್ಷದ ಬಂಧನಗಳ ಲೆಕ್ಕವನ್ನಷ್ಟೇ ನೋಡಿದವನಿಗೆ ಸಾಗರ ಸೀಮೆಯಲ್ಲಿ ಅಪರಾಧ ಏಕಾಏಕಿ ಏರಿದಂತೆ ಕಂಡೀತು. ವಾಸ್ತವವಾಗಿ ಅಲ್ಲಿ ನಡೆದದ್ದು ನ್ಯಾಯಕ್ಕಾಗಿ ಹೋರಾಟ. 1974ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ಉಳುವವನೇ ಭೂಮಿಯ ಒಡೆಯನೆಂಬ ತತ್ತ್ವಕ್ಕೆ ಕಾನೂನಿನ ಬಲ ಬಂದಿತು. ಒಂದು ಕಾಲದ ಕಾನೂನು ಅಪರಾಧವೆಂದು ಬರೆದುಕೊಂಡದ್ದನ್ನು ಮುಂದಿನ ಕಾಲದ ಕಾನೂನು ಹಕ್ಕೆಂದು ಒಪ್ಪಿತು.

ಆದ್ದರಿಂದ ಅಪರಾಧದ ಯಾವುದೇ ಅಂಕಿಯನ್ನು ಕಂಡಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದನ್ನು ಅಳೆದ ಕೊಳಗ ಯಾವುದು?

ಘಟನೆಯಿಂದ ಅಂಕಿಯವರೆಗೆ

ಒಂದು ಅಪರಾಧ ಅಂಕಿಅಂಶದಲ್ಲಿ ಸೇರಬೇಕಾದರೆ ಹಲವು ಮೆಟ್ಟಿಲು ದಾಟಬೇಕು. ನೊಂದವರಿಗೆ ಅದು ಅಪರಾಧವೆಂದು ತಿಳಿಯಬೇಕು. ಅವರು ಅದನ್ನು ಯಾರಿಗಾದರೂ ಹೇಳಬೇಕು. ಮಾತು ಠಾಣೆಯವರೆಗೆ ಹೋಗಬೇಕು. ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ದಾಖಲಾಗಬೇಕು. ಆಮೇಲೆ ಅದು ಜಿಲ್ಲೆ, ರಾಜ್ಯಗಳ ಲೆಕ್ಕದೊಂದಿಗೆ ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ ತಲುಪಬೇಕು. 1986ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ದೇಶದ ಅಪರಾಧಗಳ ವಾರ್ಷಿಕ ವರದಿಯನ್ನು ಪ್ರಕಟಿಸುತ್ತದೆ.

ಪ್ರತಿಯೊಂದು ಮೆಟ್ಟಿಲಿನಲ್ಲೂ ಕೆಲವು ಘಟನೆಗಳು ಉಳಿದುಬಿಡುತ್ತವೆ. ಮಲೆನಾಡಿನಲ್ಲಿ ಮನೆಗಳು ದೂರ ದೂರ. ಅಂಗಳದಲ್ಲಿ ಒಣಹಾಕಿದ ಅಡಿಕೆ ಸ್ವಲ್ಪ ಕಳುವಾದರೆ, ಠಾಣೆಗೆ ಅಲೆದು ಒಂದು ದಿನದ ಕೂಲಿ ಕಳೆದುಕೊಳ್ಳುವುದೇಕೆ ಎಂದು ಸುಮ್ಮನಾಗುವವರಿದ್ದಾರೆ. ಕೆಲವು ಜಗಳಗಳು ಊರ ಹಿರಿಯರ ಎದುರು ರಾಜಿಯಲ್ಲಿ ಮುಗಿಯುತ್ತವೆ. ಮನೆಯೊಳಗಿನ ಹೊಡೆತ ಬಡಿತಗಳು "ಮರ್ಯಾದೆ" ಎಂಬ ಮಾತಿನ ಹಿಂದೆ ಅಡಗುತ್ತವೆ. ಕಾಡಿನ ಮರ ಕಡಿದ ಮೊಕದ್ದಮೆ ಅರಣ್ಯ ಇಲಾಖೆಯ ಪುಸ್ತಕದಲ್ಲಿ, ಕಳ್ಳಬಟ್ಟಿಯ ಮೊಕದ್ದಮೆ ಅಬಕಾರಿ ಇಲಾಖೆಯ ಪುಸ್ತಕದಲ್ಲಿ ದಾಖಲಾಗುವುದುಂಟು. ಪೊಲೀಸ್ ಠಾಣೆಯ ಪುಸ್ತಕವೊಂದನ್ನೇ ನೋಡಿದರೆ ಇವು ಕಾಣುವುದಿಲ್ಲ.

ಹೀಗೆ ಉಳಿದುಹೋಗುವ ಪಾಲು ಚಿಕ್ಕದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಸಹಾಯ ಕೋರಿದವರು ಶೇಕಡಾ 14 ಮಾತ್ರ. ಶೇಕಡಾ 77ರಷ್ಟು ಮಂದಿ ಸಹಾಯವನ್ನೂ ಕೋರಲಿಲ್ಲ, ಯಾರೊಂದಿಗೂ ಹೇಳಿಕೊಳ್ಳಲೂ ಇಲ್ಲ. ಸಹಾಯ ಕೋರಿದವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ, ಬಂಧುಗಳ ಬಳಿಗೆ. ಠಾಣೆಗೆ ಹೋದವರು ಬಹಳ ಕಡಿಮೆ. "ಒಂದು ಕೇಸೂ ಇಲ್ಲದ ಊರು" ಎಂದಾಗ ಈ ಅಂಕಿಯನ್ನು ನೆನಪಿಡಿ. ಅಲ್ಲಿ ನೆಮ್ಮದಿ ಇರಬಹುದು. ಬರೀ ಮೌನವೂ ಇರಬಹುದು.

ಕಾನೂನು ಬದಲಾದರೆ ಅಂಕಿ ಬದಲಾಗುತ್ತದೆ

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಘೋರ ಘಟನೆಯ ನಂತರ ದೇಶದಾದ್ಯಂತ ಪ್ರತಿಭಟನೆ ನಡೆಯಿತು. 2013ರಲ್ಲಿ ಕಾನೂನಿನಲ್ಲಿ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು. ಇಂತಹ ದೂರನ್ನು ದಾಖಲಿಸದ ಅಧಿಕಾರಿಗೆ ಶಿಕ್ಷೆ ವಿಧಿಸುವ ಅವಕಾಶವೂ ಬಂದಿತು. ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 2012ರಲ್ಲಿ 24,923 ಇದ್ದವು. 2013ರಲ್ಲಿ 33,707 ಆದವು. ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಏರಿಕೆ! ಈ ಏರಿಕೆಯನ್ನೆಲ್ಲ ಅಪರಾಧದ ಏರಿಕೆಯೆಂದು ಓದಿದರೆ, ಧೈರ್ಯ ಮಾಡಿ ದೂರು ಕೊಟ್ಟವರನ್ನು ನಾವು ಮರೆತಂತಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯಿದೆ 2012ರ ನವೆಂಬರ್ 14ರಂದು ಜಾರಿಗೆ ಬಂದಿತು. ಇಂತಹ ಕೃತ್ಯ ಗೊತ್ತಿದ್ದೂ ತಿಳಿಸದಿರುವುದನ್ನು ಅದು ಅಪರಾಧವೆಂದು ಪರಿಗಣಿಸಿತು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಕೋವಿಡ್ ಬಂದ 2020ರಲ್ಲಿ ದೇಶದ ಒಟ್ಟು ಪ್ರಕರಣಗಳು ಹಿಂದಿನ ವರ್ಷಕ್ಕಿಂತ ಶೇಕಡಾ 28ರಷ್ಟು ಏರಿದವು. ಆದರೆ ಜನ ಮನೆಯಲ್ಲೇ ಇದ್ದುದರಿಂದ ಕಳ್ಳತನಗಳು ಇಳಿದಿದ್ದವು. ಹಾಗಾದರೆ ಏರಿದ್ದೇನು? ಸರ್ಕಾರಿ ಆದೇಶ ಉಲ್ಲಂಘಿಸಿದ ಪ್ರಕರಣಗಳು. 2019ರಲ್ಲಿ ಸುಮಾರು 29 ಸಾವಿರವಿದ್ದ ಇವು ಲಾಕ್‌ಡೌನ್ ವರ್ಷದಲ್ಲಿ 6 ಲಕ್ಷ ದಾಟಿದವು. ಬರೀ ಒಟ್ಟು ಮೊತ್ತ ಓದಿದವನಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ರಸ್ತೆ ಬಂದರೆ ದೂರೂ ಬರುತ್ತದೆ

ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಸಾಗರ ತಾಲ್ಲೂಕಿನ ತುಮರಿ ಭಾಗ ಶರಾವತಿ ಹಿನ್ನೀರಿನ ಆಚೆ ಉಳಿಯಿತು. ದಶಕಗಳ ಕಾಲ ಅಲ್ಲಿಯ ಜನ ಸಾಗರ ಪೇಟೆಗೆ ಬರಲು ಲಾಂಚ್ ಕಾಯಬೇಕಿತ್ತು; ಸಂಜೆಯ ನಂತರ ಅದೂ ಇಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆಯಿತು. ಮುಂದಿನ ವರ್ಷಗಳಲ್ಲಿ ಆ ಭಾಗದಿಂದ ಹೆಚ್ಚು ದೂರು ಬಂದರೆ, ಸೇತುವೆಯಿಂದ ಜನ ಕೆಟ್ಟರೆನ್ನಬೇಕೋ, ಠಾಣೆ ಹತ್ತಿರವಾಯಿತೆನ್ನಬೇಕೋ? ನೀವೇ ಯೋಚಿಸಿ. ಹೊಸ ದಾರಿಯಲ್ಲಿ ಹೊರಗಿನ ಕಳ್ಳನೂ ಬರಬಹುದು, ಒಳಗಿನ ದೂರೂ ಹೊರಬರಬಹುದು. ಎರಡನ್ನೂ ಬೇರ್ಪಡಿಸಿ ನೋಡುವುದೇ ಅಧ್ಯಯನ.

ಮೊಬೈಲ್ ಫೋನ್ ಕೂಡ ಇಂತಹದೇ ಒಂದು ಸೇತುವೆ. ಅದರಿಂದ ಹಳ್ಳಿಯ ಮನೆಗೂ ಹಣಕಾಸಿನ ವಂಚನೆ ತಲುಪಿತು. ಸೈಬರ್ ವಂಚನೆ ತಿಳಿಸುವ 1930 ಎಂಬ ಸಹಾಯವಾಣಿಯೂ ತಲುಪಿತು.

ಲೆಕ್ಕದಲ್ಲಿ ಎಚ್ಚರ

ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣಗಳು ಎಂಬುದೇ ಅಪರಾಧ ಪ್ರಮಾಣ. ಎರಡು ಊರುಗಳನ್ನು ಹೋಲಿಸಲು ಇದು ಬೇಕು. ಆದರೆ ಚಿಕ್ಕ ಊರಿನಲ್ಲಿ ಇದು ಮೋಸ ಮಾಡುತ್ತದೆ. ಒಂದು ಹೋಬಳಿಯಲ್ಲಿ ಕಳೆದ ವರ್ಷ 4 ಮನೆಗಳ್ಳತನ, ಈ ವರ್ಷ 6 ಎಂದಿಟ್ಟುಕೊಳ್ಳಿ. "ಕಳ್ಳತನ ಶೇಕಡಾ 50 ಏರಿಕೆ" ಎಂದು ಬರೆದರೆ ಲೆಕ್ಕ ಸರಿ, ಅರ್ಥ ತಪ್ಪು. ಒಬ್ಬನೇ ಕಳ್ಳ ಒಂದೇ ರಾತ್ರಿ ಎರಡು ಮನೆ ನುಗ್ಗಿದರೂ ಅಂಕಿ ಹೀಗೆಯೇ ಆಗುತ್ತದೆ. ಆದ್ದರಿಂದ ಗ್ರಾಮಾಂತರದ ಅಂಕಿಗಳನ್ನು ಐದು ಅಥವಾ ಹತ್ತು ವರ್ಷ ಒಟ್ಟಿಗೆ ಇಟ್ಟು ನೋಡಬೇಕು.

ಇನ್ನೊಂದು ನಿಯಮವನ್ನೂ ತಿಳಿದಿರಿ. ಒಂದೇ ಪ್ರಕರಣದಲ್ಲಿ ಕೊಲೆಯೂ ಕಳ್ಳತನವೂ ನಡೆದಿದ್ದರೆ ರಾಷ್ಟ್ರೀಯ ವರದಿಯಲ್ಲಿ ಹೆಚ್ಚು ಶಿಕ್ಷೆಯಿರುವ ಕೊಲೆಯನ್ನು ಮಾತ್ರ ಎಣಿಸಲಾಗುತ್ತದೆ.

ಹಾಗಾದರೆ ಯಾವ ಅಂಕಿಯನ್ನೂ ನಂಬಬಾರದೇ? ಹಾಗಲ್ಲ. ಕೊಲೆಯನ್ನು ಬಚ್ಚಿಡುವುದು ಕಷ್ಟ. ವಾಹನ ಕಳುವಾದರೆ ವಿಮೆಯ ಹಣಕ್ಕಾಗಿಯಾದರೂ ದೂರು ಕೊಡಲೇಬೇಕು. ಇಂತಹ ಅಂಕಿಗಳು ಸತ್ಯಕ್ಕೆ ಹತ್ತಿರ. ದೇಶದಲ್ಲಿ 2012ರಲ್ಲಿ 34,434 ಕೊಲೆ ಪ್ರಕರಣಗಳು ದಾಖಲಾಗಿದ್ದವು, 2022ರಲ್ಲಿ 28,522. ಜನಸಂಖ್ಯೆ ಬೆಳೆದರೂ ಕೊಲೆ ಇಳಿದಿದೆ. "ಕಾಲ ಕೆಟ್ಟಿತು" ಎನ್ನುವ ಮುನ್ನ ಇದನ್ನೂ ನೋಡಬೇಕಲ್ಲವೇ? ಅಪರಾಧದ ಏರಿಕೆ ಬೇರೆ, ದಾಖಲಾತಿಯ ಏರಿಕೆ ಬೇರೆ ಎಂದು ಬ್ಯೂರೋದ ವರದಿಗಳೇ ಎಚ್ಚರಿಸಿವೆ.

ನಿಮ್ಮ ಪಾತ್ರ

ದೂರಿನ ಅಂಕಿ ಏರಿತೆಂದು ಠಾಣೆಯನ್ನು ದೂಷಿಸಿದರೆ ಏನಾಗುತ್ತದೆ? ಅಂಕಿ ಇಳಿಸುವ ಸುಲಭ ದಾರಿ ದೂರು ಬರೆದುಕೊಳ್ಳದಿರುವುದು. ಆಗ ಕಾಗದದ ಮೇಲೆ ಊರು ಸುಧಾರಿಸುತ್ತದೆ. ನೊಂದವರು ಬರಿಗೈಯಲ್ಲಿ ಮರಳುತ್ತಾರೆ. ಆದ್ದರಿಂದಲೇ ಸುಪ್ರೀಂ ಕೋರ್ಟು 2013ರ ನವೆಂಬರ್‌ನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಒಂದು ಮಹತ್ವದ ತೀರ್ಪು ನೀಡಿತು: ಪೊಲೀಸರು ತಾವಾಗಿಯೇ ತನಿಖೆ ಮಾಡಬಹುದಾದ ಸಂಜ್ಞೇಯ ಅಪರಾಧ ನಡೆದಿರುವುದು ಮಾಹಿತಿಯಿಂದ ಕಂಡುಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಘಟನೆ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ವಿದ್ಯುನ್ಮಾನ ಮಾಧ್ಯಮದಲ್ಲೂ ಕಳುಹಿಸಬಹುದು. ಮೂರು ದಿನದೊಳಗೆ ಸಹಿ ಮಾಡಬೇಕು. ಎಫ್‌ಐಆರ್‌ನ ಪ್ರತಿ ಉಚಿತ. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸುವ ಅವಕಾಶವಿದೆ.

ತುರ್ತು ಸಂದರ್ಭಕ್ಕೆ 112, ಮಕ್ಕಳಿಗೆ 1098. ಈ ಸಂಖ್ಯೆಗಳನ್ನು ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಗೆಳತಿಯೊಬ್ಬಳು ಅಥವಾ ಗೆಳೆಯನೊಬ್ಬ ತನ್ನ ಕಷ್ಟ ಹೇಳಿಕೊಂಡರೆ "ಸುಮ್ಮನಿರು" ಎನ್ನಬೇಡಿ. ನಂಬಿಕೆಯ ಶಿಕ್ಷಕರಿಗೋ ಹಿರಿಯರಿಗೋ ತಿಳಿಸಲು ಜೊತೆಗೆ ಹೋಗಿ.

ಚರ್ಚಿಸಿ

1. ನಿಮ್ಮ ಜಿಲ್ಲೆಯ ಹತ್ತು ವರ್ಷಗಳ ಕೊಲೆ, ಕಳ್ಳತನ ಮತ್ತು ಒಟ್ಟು ಪ್ರಕರಣಗಳನ್ನು ಪ್ರಕಟಿತ ವರದಿಯಿಂದ ತೆಗೆದು ಮೂರು ರೇಖಾಚಿತ್ರ ಬಿಡಿಸಿ. ಮೂರೂ ಒಂದೇ ದಿಕ್ಕಿಗೆ ಸಾಗುತ್ತವೆಯೇ?

2. ಅಂಕಿ ಏರಿದ ವರ್ಷದಲ್ಲಿ ಹೊಸ ಕಾನೂನು, ಹೊಸ ಠಾಣೆ ಅಥವಾ ಹೊಸ ರಸ್ತೆ ಬಂದಿತ್ತೇ?

3. ಯಾವ ಬಗೆಯ ಅಪರಾಧಗಳು ನಿಮ್ಮ ಊರಿನಿಂದ ಠಾಣೆಯವರೆಗೆ ಹೋಗುವುದಿಲ್ಲ? ಯಾರ ಹೆಸರನ್ನೂ ಎತ್ತದೆ, ಕಾರಣಗಳನ್ನು ಮಾತ್ರ ಪಟ್ಟಿ ಮಾಡಿ.

ಮೂರನೆಯ ಪ್ರಶ್ನೆಗೆ ಉತ್ತರ ಯಾವ ವರದಿಯಲ್ಲೂ ಸಿಗುವುದಿಲ್ಲ. ಅದನ್ನು ಹುಡುಕಬೇಕಾದವರು ನೀವೇ.