‘ಸೆಕ್ಯುಲರ್’: 1976ಕ್ಕೆ ಮೊದಲು

ಚುನಾವಣೆ ಸಮೀಪಿಸಿತೆಂದರೆ ಒಂದು ವೇದಿಕೆಯಲ್ಲಿ ಬಿರುದಾಗಿಯೂ ಎದುರಿನ ವೇದಿಕೆಯಲ್ಲಿ ಬೈಗುಳಾಗಿಯೂ ‘ಸೆಕ್ಯುಲರ್’ ಎಂಬ ಮಾತು ಮೊಳಗುವುದು ನಮಗೆ ರೂಢಿಯಾಗಿದೆ. ಆದರೆ ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರು ತುರುಕುವವರೆಗೆ ನಮ್ಮ ಸಂವಿಧಾನ ಸೆಕ್ಯುಲರ್ ಆಗಿರಲೇ ಇಲ್ಲವೆಂದು ವಿದ್ಯಾವಂತರೂ ನಿಸ್ಸಂಶಯವಾಗಿ ನುಡಿಯುವುದನ್ನು ಕೇಳಿದಾಗ ಸಹನೆ ಮೀರುತ್ತದೆ.

1976ರ 42ನೆಯ ತಿದ್ದುಪಡಿ ಆ ಪದವನ್ನು ಸೇರಿಸಿದ್ದು ಪ್ರಸ್ತಾವನೆಗೆ ಮಾತ್ರ. ವಿರೋಧಪಕ್ಷದ ನಾಯಕರನೇಕರು ಸೆರೆಯಲ್ಲಿದ್ದಾಗ ಹಾಗೆ ಮಾಡಿದ್ದು ಆಕ್ಷೇಪಾರ್ಹವೇ ಸರಿ. ಆದರೆ ಯಾವುದೇ ಒಂದು ಮತದ ಪೋಷಣೆಗಾಗಿ ಪ್ರಜೆಯಿಂದ ತೆರಿಗೆ ಕೀಳಲಾಗದೆಂಬ 27ನೆಯ ಅನುಚ್ಛೇದವೂ, ಸಂಪೂರ್ಣವಾಗಿ ಸರ್ಕಾರಿ ಹಣದಿಂದಲೇ ನಡೆಯುವ ಶಾಲೆಯಲ್ಲಿ ಮತಬೋಧೆ ಸಲ್ಲದೆಂಬ 28ನೆಯದೂ 1950ರಿಂದಲೇ ಜಾರಿಯಲ್ಲಿವೆ. ಅಷ್ಟೇಕೆ, ಧಾರ್ಮಿಕ ಆಚರಣೆಗೆ ಅಂಟಿಕೊಂಡ ಹಣಕಾಸು ಮುಂತಾದ ಲೌಕಿಕ ವ್ಯವಹಾರಗಳನ್ನು ಸರ್ಕಾರ ನಿಯಂತ್ರಿಸಬಹುದೆನ್ನುವ 25ನೆಯ ಅನುಚ್ಛೇದದ ಇಂಗ್ಲಿಷ್ ಪಾಠದಲ್ಲಿ ‘ಸೆಕ್ಯುಲರ್’ ಎಂಬ ಪದವೇ ಅಂದಿನಿಂದ ಕುಳಿತಿದೆ.

ತಿದ್ದುಪಡಿಗೆ ಮೂರು ವರ್ಷ ಮುಂಚೆ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಾಗ, ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ಸಂವಿಧಾನದ ಮೂಲಸ್ವರೂಪದ ಲಕ್ಷಣಗಳನ್ನು ಎಣಿಸುತ್ತ ಅದರ ಸೆಕ್ಯುಲರ್ ಗುಣವನ್ನೂ ಎಣಿಸಿದ್ದರು. ಇನ್ನೂ ಸೇರದ ಪದವನ್ನು ಅವರು ಎಲ್ಲಿಂದ ಎರವಲು ತಂದಿದ್ದರು? ನಮ್ಮವರೇ ಆದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ, 1994ರಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನೇ ದೃಢಪಡಿಸಿತು.

1948ರಲ್ಲಿ ಸಂವಿಧಾನ ಸಭೆಯಲ್ಲಿ ‘ಸೆಕ್ಯುಲರ್’, ‘ಸಮಾಜವಾದಿ’ ಎಂಬ ಪದಗಳನ್ನು ಸೇರಿಸಬೇಕೆಂಬ ಕೆ. ಟಿ. ಷಾ ಅವರ ಸಲಹೆಯನ್ನು ಅಂಬೇಡ್ಕರ್ ನಿರಾಕರಿಸಿದ್ದರಿಂದ ಅವರು ಈ ತತ್ತ್ವದ ವಿರೋಧಿಗಳೆನ್ನುವುದೂ ಸಲ್ಲದು; ಅಂದಿನ ಅವರ ಉತ್ತರ ಮುಖ್ಯವಾಗಿ ಸಮಾಜವಾದವನ್ನು ಕುರಿತದ್ದು. ಸೆಕ್ಯುಲರ್ ಎಂದರೆ ನಾಸ್ತಿಕವೆಂಬುದೂ ತಪ್ಪು; 1851ರಲ್ಲಿ ‘ಸೆಕ್ಯುಲರಿಸಂ’ ಎಂಬ ಹೆಸರನ್ನು ಬಳಕೆಗೆ ತಂದ ಇಂಗ್ಲೆಂಡಿನ ಹೋಲಿಯೋಕ್ ಕೂಡ ಅದನ್ನು ನಾಸ್ತಿಕವಾದದ ಪರ್ಯಾಯನಾಮವೆಂದು ಬಗೆದಿರಲಿಲ್ಲ.

ಈ ಪದದ ದುರ್ಬಳಕೆಯಲ್ಲಿ ಯಾವ ಪಕ್ಷವೂ ನಿರ್ದೋಷಿಯಲ್ಲ. 1978ರಲ್ಲಿ ಜನತಾ ಸರ್ಕಾರ ಎಲ್ಲ ಮತಗಳಿಗೂ ಸಮಾನ ಗೌರವವೆಂದು ಈ ಪದಕ್ಕೆ ಸಂವಿಧಾನದಲ್ಲೇ ಅರ್ಥನಿರ್ಣಯ ಮಾಡಹೊರಟಾಗ, ಲೋಕಸಭೆ ಒಪ್ಪಿದ ಆ ಅಂಶ ಕಾಂಗ್ರೆಸ್ಸಿನ ಬಲವಿದ್ದ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ಪದವನ್ನು ತೆಗೆದುಹಾಕಲು ಜನತಾ ಸರ್ಕಾರವೂ ಯತ್ನಿಸಲಿಲ್ಲ. ಪದವನ್ನೇ ಕಿತ್ತುಹಾಕಬೇಕೆಂದು ಬಂದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ವಜಾ ಮಾಡಿದೆ. ಇಷ್ಟಾದರೂ ಸುದ್ದಿವಾಹಿನಿಯ ಚರ್ಚೆಗಳಲ್ಲಿ ಅದೇ 1976ರ ಕಥೆ ಮರುದಿನವೇ ಮೊದಲಾಗುತ್ತದೆ, ಅಂಗಡಿಯಲ್ಲಿ ಅಗ್ಗಕ್ಕೆ ದೊರೆಯುವ ಸಂವಿಧಾನದ ಪುಸ್ತಕವನ್ನು ಬಿಡಿಸಿ ನೋಡುವ ವ್ಯವಧಾನ ಮಾತಾಡುವವರಿಗೂ ಇಲ್ಲ, ಕೇಳುವವರಿಗೂ ಇಲ್ಲ.