ಪರಲೋಕರಾಜ್ಯದ ಸಾಮ್ಯಗಳು: ಹೋಲಿಕೆಯು ಯಾವುದಕ್ಕೆ?

ಹೊಸ ಒಡಂಬಡಿಕೆಯ ಮೊದಲ ಮೂರು ಸುವಾರ್ತೆಗಳಲ್ಲಿ ಯೇಸುವಿನ ಉಪದೇಶಕ್ಕೆಲ್ಲ ಕೇಂದ್ರವಾಗಿ ನಿಂತಿರುವ ಪದವು 'ರಾಜ್ಯ'ವೆಂಬುದು. ಮಾರ್ಕನೂ ಲೂಕನೂ ಇದನ್ನು 'ದೇವರ ರಾಜ್ಯ'ವೆಂದು ಕರೆದರೆ, ಮತ್ತಾಯನು ಬಹುಮಟ್ಟಿಗೆ 'ಪರಲೋಕರಾಜ್ಯ'ವೆಂದು ಕರೆದಿರುವನು. ಆದರೆ ಈ ರಾಜ್ಯವೆಂದರೆ ಇಂಥದು ಎಂಬ ಲಕ್ಷಣವಾಕ್ಯವು ಈ ಮೂರು ಗ್ರಂಥಗಳಲ್ಲಿ ಎಲ್ಲಿಯೂ ದೊರೆಯುವುದಿಲ್ಲ. ಲಕ್ಷಣವನ್ನು ಎದುರುನೋಡುವವನಿಗೆ ದೊರೆಯುವುದು ಕಥೆ. ಬಿತ್ತುವವನು, ಗೋದಿಯ ನಡುವಣ ಕಳೆ, ಸಾಸಿವೆಕಾಳು, ಹುಳಿಹಿಟ್ಟು, ಹೂತಿಟ್ಟ ನಿಧಿ, ಮುತ್ತು, ಬಲೆ—ಹೀಗೆ ಏಳು ಸಾಮ್ಯಗಳು ಮತ್ತಾಯನ 13ನೆಯ ಅಧ್ಯಾಯವೊಂದರಲ್ಲಿಯೇ ಸಾಲಾಗಿ ಬಂದಿವೆ. ಇವುಗಳಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸಿದೆ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಸುಲಭವಾಗಿ ತೋರಿದರೂ ವಸ್ತುತಃ ಹಾಗಿಲ್ಲ. ಸಾಮ್ಯಗಳ ವ್ಯಾಖ್ಯಾನದ ಇತಿಹಾಸವೆಲ್ಲವೂ ಈ ಒಂದು ಪ್ರಶ್ನೆಯ ಸುತ್ತಲೇ ಬೆಳೆದಿರುವುದು.

ಮೊದಲು ಪದಗಳ ವಿಚಾರ. 'ಪರಲೋಕ'ವೆಂಬ ಮಾತು ಕನ್ನಡಿಗರ ಕಿವಿಗೆ ಮರಣಾನಂತರದ ನೆಲೆಯನ್ನು ಸೂಚಿಸುವುದು ಸಹಜವೇ ಸರಿ. 'ಪರಲೋಕಯಾತ್ರೆ'ಯೆಂದರೆ ಮರಣವೆಂದೇ ರೂಢಿಯಲ್ಲವೆ? ಆದರೆ ಮೂಲದಲ್ಲಿ ಅರ್ಥವು ಬೇರೆ. ದೇವರ ಹೆಸರನ್ನು ನೇರವಾಗಿ ಉಚ್ಚರಿಸಲು ಹಿಂಜರಿದ ಯೆಹೂದ್ಯರು ಗೌರವಾರ್ಥವಾಗಿ 'ಸ್ವರ್ಗ'ವೆಂಬ ಮಾತನ್ನು ಅದಕ್ಕೆ ಬದಲಾಗಿ ಬಳಸುತ್ತಿದ್ದರು. ಮತ್ತಾಯನ ಪ್ರಯೋಗಕ್ಕೆ ಈ ವಾಡಿಕೆಯೇ ಕಾರಣವೆಂದು ಅನೇಕ ಪಂಡಿತರ ಅಭಿಪ್ರಾಯ. ಇನ್ನು 'ರಾಜ್ಯ'ವೆಂಬುದಕ್ಕೆ ಹಿಂದಿರುವ 'ಮಲ್ಕೂತ್' ಎಂಬ ಇಬ್ರಿಯ ಶಬ್ದಕ್ಕೆ ಆಳಲ್ಪಡುವ ನಾಡು ಎಂಬುದಕ್ಕಿಂತ ಆಳುವಿಕೆ, ಒಡೆತನ ಎಂಬುದೇ ಮುಖ್ಯಾರ್ಥ. ಆದುದರಿಂದಲೇ ಯೇಸುವು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಭಕ್ತನು ಆ ರಾಜ್ಯಕ್ಕೆ ಹೋಗಬೇಕೆಂಬ ಬೇಡಿಕೆಯಿಲ್ಲ. ಆ ರಾಜ್ಯವೇ ಬರಬೇಕು, ಭೂಮಿಯ ಮೇಲೆ ನೆರವೇರಬೇಕು ಎಂಬುದು ಅಲ್ಲಿನ ಬೇಡಿಕೆ. ಒಂದು ಸ್ಥಳವನ್ನಾದರೆ ವರ್ಣಿಸಬಹುದು. ಆಳ್ವಿಕೆಯು ಬರುವ ಬಗೆಯನ್ನು ತಿಳಿಸಬೇಕಾದರೆ ನಡೆದ ಸಂಗತಿಯೊಂದನ್ನು ಹೇಳಬೇಕಾಗುವುದು. ಕಥೆಯ ಅವಶ್ಯಕತೆಯು ಹುಟ್ಟುವುದು ಇಲ್ಲಿಯೇ.

ಕನ್ನಡ ಸತ್ಯವೇದದಲ್ಲಿ 'ಸಾಮ್ಯ'ವೆಂದಿರುವ ಮಾತಿಗೆ ಗ್ರೀಕಿನಲ್ಲಿ 'ಪರಬೊಲೆ' ಎಂದಿದೆ. ಒಂದರ ಪಕ್ಕದಲ್ಲಿ ಮತ್ತೊಂದನ್ನು ಇಡುವುದೆಂದು ಅದರ ಮೂಲಾರ್ಥ. ಹೀಗೆ ಪಕ್ಕಪಕ್ಕದಲ್ಲಿ ಇಟ್ಟಾಗ ಉಪಮೇಯಕ್ಕೆ ಉಪಮಾನವಾಗುವ ಪದವು ಯಾವುದು? ನಿಧಿಯ ಸಾಮ್ಯದಲ್ಲಿ, ಹೊಲದಲ್ಲಿ ನಿಧಿಯನ್ನು ಕಂಡವನೊಬ್ಬನು ಸಂತೋಷದಿಂದ ತನ್ನದೆಲ್ಲವನ್ನೂ ಮಾರಿ ಆ ಹೊಲವನ್ನು ಕೊಳ್ಳುತ್ತಾನೆ. ಅಲ್ಲಿ ರಾಜ್ಯವು ನಿಧಿಯನ್ನು ಹೋಲುತ್ತದೆಂದು ಹೇಳಿದೆ. ಅದರ ಬೆನ್ನಿಗೇ ಬರುವ ಮುತ್ತಿನ ಸಾಮ್ಯದಲ್ಲಿ, ಬೆಲೆಬಾಳುವ ಮುತ್ತಿಗಾಗಿ ಎಲ್ಲವನ್ನೂ ಮಾರಿದ ವ್ಯಾಪಾರಿಯ ಕಥೆಯಿದೆ. ಅಲ್ಲಿ ರಾಜ್ಯವನ್ನು ಹೋಲಿಸಿರುವುದು ಮುತ್ತಿಗಲ್ಲ, ವ್ಯಾಪಾರಿಗೆ! ಪದಕ್ಕೆ ಪದವನ್ನು ಸರಿಹೊಂದಿಸುವ ಪಾಠಕನಿಗೆ ಈ ಅವಳಿ ಕಥೆಗಳು ಒಂದಕ್ಕೊಂದು ವಿರುದ್ಧವಾಗಿ ಕಾಣಲೇಬೇಕು. ಒಂದರಲ್ಲಿ ರಾಜ್ಯವು ದೊರೆತ ವಸ್ತು. ಮತ್ತೊಂದರಲ್ಲಿ ಅದೇ ರಾಜ್ಯವು ವಸ್ತುವನ್ನು ಹುಡುಕಿದ ಮನುಷ್ಯ.

ಈ ತೊಡಕನ್ನು ಬಿಡಿಸಿದವರಲ್ಲಿ ಯೋವಾಕಿಮ್ ಯೆರೆಮಿಯಾಸ್ ಎಂಬ ಜರ್ಮನ್ ವಿದ್ವಾಂಸನು ಪ್ರಮುಖನು. ಸಾಮ್ಯಗಳನ್ನು ಕುರಿತ ಅವನ ಗ್ರಂಥವು 1947ರಲ್ಲಿ ಪ್ರಕಟವಾಯಿತು. ಯೇಸುವಾಡಿದ ಅರಾಮಿಕ್ ಭಾಷೆಯಲ್ಲಿ ಇಂಥ ಕಥೆಗಳ ಆರಂಭವು ಒಂದು ಸಂಕ್ಷೇಪೋಕ್ತಿಯೆಂದೂ, 'ರಾಜ್ಯದ ವಿಷಯವು ಈ ಮುಂದಿನ ಸಂಗತಿಯಂತೆ' ಎಂಬುದೇ ಅದರ ಪೂರ್ಣಾರ್ಥವೆಂದೂ ಅವನು ತೋರಿಸಿದನು. 1945ರಲ್ಲಿ ಈಜಿಪ್ತಿನ ನಾಗ್ ಹಮ್ಮಾದಿಯ ಬಳಿ ದೊರೆತ 'ತೋಮನ ಸುವಾರ್ತೆ'ಯ ಕಾಪ್ಟಿಕ್ ಪ್ರತಿಯೂ ಇದಕ್ಕೆ ಪೋಷಕವಾಗಿದೆ. ಮತ್ತಾಯನಲ್ಲಿ ರಾಜ್ಯವು ಹುಳಿಹಿಟ್ಟಿಗೆ ಸಮಾನ. ತೋಮನಲ್ಲಿ ಅದೇ ಕಥೆಗೆ ರಾಜ್ಯವು ಹಿಟ್ಟು ನಾದಿದ ಹೆಂಗಸಿಗೆ ಸಮಾನ. ಮೊದಲ ಪದವು ಬದಲಾದರೂ ಕಥೆಯ ಹುರುಳು ಬದಲಾಗಿಲ್ಲ. ಆದುದರಿಂದ ಹೋಲಿಕೆಯು ಪದದಲ್ಲಿಲ್ಲ, ಇಡೀ ವೃತ್ತಾಂತದಲ್ಲಿದೆ ಎಂದು ನಿರ್ಣಯಿಸಬಹುದು. ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ದಂಡಿಯು ಕಾವ್ಯಾದರ್ಶದಲ್ಲಿ, ಒಂದು ವಾಕ್ಯದ ಅರ್ಥವನ್ನು ಮತ್ತೊಂದು ವಾಕ್ಯದ ಅರ್ಥಕ್ಕೆ ಹೋಲಿಸುವುದನ್ನು ವಾಕ್ಯಾರ್ಥೋಪಮೆಯೆಂದು ಪ್ರತ್ಯೇಕವಾಗಿಯೇ ಹೇಳಿರುವನು. ಎರಡು ಪರಂಪರೆಗಳಿಗೂ ಸಂಬಂಧವಿಲ್ಲವಾದರೂ, ಸಾಮ್ಯದ ಸ್ವರೂಪವನ್ನು ತಿಳಿಸುವುದಕ್ಕೆ ಈ ಸಂಜ್ಞೆಯು ಚೆನ್ನಾಗಿ ಒದಗುವುದು.

ಈ ವಿವೇಚನೆಯಿಲ್ಲದೆ ಹೋದರೆ ಏನಾಗುವುದೆಂಬುದಕ್ಕೆ ಪ್ರಾಚೀನ ವ್ಯಾಖ್ಯಾನಗಳೇ ಸಾಕ್ಷಿ. ಲೂಕನಲ್ಲಿ ಬರುವ ಒಳ್ಳೆಯ ಸಮಾರ್ಯದವನ ಕಥೆಯನ್ನು ವ್ಯಾಖ್ಯಾನಿಸುತ್ತ ಸಂತ ಅಗಸ್ಟೀನನು, ಗಾಯಗೊಂಡವನು ಆದಾಮನೆಂದೂ, ಕಳ್ಳರು ಸೈತಾನನೂ ಅವನ ದೂತರೂ ಎಂದೂ, ಸಮಾರ್ಯದವನು ಕ್ರಿಸ್ತನೆಂದೂ, ಛತ್ರವು ಸಭೆಯೆಂದೂ, ಛತ್ರದವನು ಪೌಲನೆಂದೂ ಅರ್ಥಮಾಡಿದನು. ವ್ಯಾಖ್ಯಾನದಲ್ಲಿ ಚಾತುರ್ಯವುಂಟು. ಆದರೆ ನೆರೆಯವನು ಯಾರು ಎಂಬ, ಆ ಕಥೆಯನ್ನು ಹುಟ್ಟಿಸಿದ ಪ್ರಶ್ನೆಯೇ ಅದರಲ್ಲಿ ಮರೆಯಾಗಿಬಿಡುತ್ತದೆ. ಇಂಥ ಪದ್ಧತಿಯನ್ನು ಅಡೋಲ್ಫ್ ಯೂಲಿಖರನು 19ನೆಯ ಶತಮಾನದ ಕೊನೆಯಲ್ಲಿ ಬಲವಾಗಿ ಖಂಡಿಸಿ, ಒಂದು ಸಾಮ್ಯಕ್ಕೆ ಒಂದೇ ತಾತ್ಪರ್ಯವೆಂದು ಸಾಧಿಸಿದನು. ಆದರೆ ಆ ತಾತ್ಪರ್ಯಗಳೆಲ್ಲವನ್ನೂ ಅವನು ಸಾಮಾನ್ಯವಾದ ನೀತಿವಾಕ್ಯಗಳನ್ನಾಗಿ ಮಾಡಿದನು. 1935ರಲ್ಲಿ ಸಿ. ಎಚ್. ಡಾಡ್ ಎಂಬ ವೇಲ್ಸಿನ ಪಂಡಿತನು ಸಾಮ್ಯಗಳನ್ನು ಯೇಸುವಿನ ಕಾಲದ ಸನ್ನಿವೇಶದಲ್ಲಿಟ್ಟು ನೋಡಿ, ಅವು ರಾಜ್ಯವು ಆಗಲೇ ಬಂದಿದೆಯೆಂಬ ಘೋಷಣೆಗಳೆಂದು ವಾದಿಸಿದನು. ಹಾಗೆಂದು ಅನ್ಯಾರ್ಥಕಲ್ಪನೆಯನ್ನು ಸಂಪೂರ್ಣವಾಗಿ ತಳ್ಳುವುದೂ ಸಾಧುವಲ್ಲ. ಬಿತ್ತುವವನ ಸಾಮ್ಯಕ್ಕೂ ಕಳೆಯ ಸಾಮ್ಯಕ್ಕೂ ಸುವಾರ್ತೆಯಲ್ಲಿಯೇ ಪ್ರತಿಪದದ ವಿವರಣೆಯುಂಟು. ಅದು ಆದಿಸಭೆಯ ಸೇರ್ಪಡೆಯೆಂದು ಕೆಲವರೂ, ಯೇಸುವಿನದೇ ಎಂದು ಕೆಲವರೂ ಹೇಳುವರು. ಇಬ್ರಿಯ ಭಾಷೆಯ 'ಮಾಶಾಲ್' ಎಂಬ ಶಬ್ದವು ಗಾದೆ, ಒಗಟು, ಹೋಲಿಕೆ, ಅನ್ಯಾರ್ಥಕಥೆ ಇವೆಲ್ಲವನ್ನೂ ಒಳಗೊಳ್ಳುವುದರಿಂದ, ಇಲ್ಲಿ ಗ್ರೀಕ್ ಅಲಂಕಾರಿಕರ ಕಟ್ಟುನಿಟ್ಟಾದ ವಿಭಾಗವು ಸಲ್ಲುವುದಿಲ್ಲ.

ವೃತ್ತಾಂತವನ್ನು ಇಡಿಯಾಗಿ ನೋಡಿದಾಗ ಪ್ರತಿಯೊಂದು ಸಾಮ್ಯದಲ್ಲಿಯೂ ಕೇಳುವವನ ನಿರೀಕ್ಷೆಯನ್ನು ಮುರಿಯುವ ಒಂದು ಅಂಶವು ಎದ್ದುಕಾಣುವುದು. ಪ್ರವಾದಿಯಾದ ಯೆಹೆಜ್ಕೇಲನು, ಮುಂದೆ ಬರುವ ರಾಜ್ಯವನ್ನು ಎತ್ತರವಾದ ಬೆಟ್ಟದ ಮೇಲೆ ಬೆಳೆದು ಹಕ್ಕಿಗಳಿಗೆ ಆಶ್ರಯವಾಗುವ ದೇವದಾರು ಮರವಾಗಿ ಚಿತ್ರಿಸಿದ್ದನು. ಯೇಸುವು ಆ ಹಕ್ಕಿಗಳನ್ನು ಉಳಿಸಿಕೊಂಡು ಮರವನ್ನು ಬದಲಾಯಿಸಿದನು. ದೇವದಾರುವಿನ ಸ್ಥಾನದಲ್ಲಿ ನಿಂತುದು ಹಿತ್ತಿಲ ಸಾಸಿವೆಗಿಡ. ಹುಳಿಯೆಂಬುದು ಪಸ್ಕಹಬ್ಬದಲ್ಲಿ ಮನೆಯಿಂದ ಹೊರಗೆ ಹಾಕಬೇಕಾದ ಪದಾರ್ಥ. ಕೆಡುಕು ಹರಡುವುದಕ್ಕೆ ಉಪಮಾನವಾಗಿ ಪೌಲನೇ ಅದನ್ನು ಬಳಸಿರುವನು. ಅದನ್ನು ಒಬ್ಬ ಹೆಂಗಸು ನೂರು ಜನರಿಗೆ ಸಾಲುವಷ್ಟು ಹಿಟ್ಟಿನಲ್ಲಿ 'ಅಡಗಿಸಿಟ್ಟಳು' ಎಂದು ಮೂಲದ ಕ್ರಿಯಾಪದವು ಹೇಳುತ್ತದೆ. ಗೋದಿಯಂತೆಯೇ ಬೆಳೆಯುವ ಕಳೆಯನ್ನು ಕೀಳಲು ಹೊರಟ ಆಳುಗಳನ್ನು ಒಡೆಯನೇ ತಡೆಯುತ್ತಾನೆ. ಅಲ್ಪವಾದುದು, ಅಶುದ್ಧವೆನಿಸಿದುದು, ಬೆರೆತುಹೋದುದು—ರಾಜ್ಯವು ಇವುಗಳ ಮೂಲಕ ಬರುತ್ತದೆಂದರೆ, ಪರಾಕ್ರಮದ ರಾಜ್ಯವನ್ನು ಕಾಯುತ್ತಿದ್ದವರಿಗೆ ಅದು ಒಪ್ಪತಕ್ಕ ಮಾತಾಗಿರಲಿಲ್ಲ.

ಸಾಮ್ಯಗಳ ಉದ್ದೇಶವು ತಿಳಿಸುವುದೋ ಮರೆಸುವುದೋ ಎಂಬ ಹಳೆಯ ಚರ್ಚೆಗೂ ಇಲ್ಲಿ ಬೆಳಕು ದೊರೆಯುತ್ತದೆ. ಹೊರಗಿನವರು ಕಂಡೂ ಕಾಣದಿರಲೆಂದು ಸಾಮ್ಯಗಳನ್ನು ಹೇಳುವುದಾಗಿ ಮಾರ್ಕನ ಪಾಠವಿದ್ದರೆ, ಅವರು ಕಂಡೂ ಕಾಣದಿರುವುದರಿಂದ ಹೇಳುವುದಾಗಿ ಮತ್ತಾಯನ ಪಾಠವಿದೆ. ಇಬ್ಬರಿಗೂ ಆಧಾರವು ಯೆಶಾಯನ 6ನೆಯ ಅಧ್ಯಾಯ. ಒಂದರಲ್ಲಿ ಕುರುಡುತನವು ಸಾಮ್ಯದ ಫಲ. ಮತ್ತೊಂದರಲ್ಲಿ ಅದಕ್ಕೆ ಕಾರಣ. ಎರಡರಲ್ಲಿಯೂ ಸಾಮ್ಯವು ಕೇಳುವವನನ್ನು ಮೊದಲಿದ್ದಂತೆ ಬಿಡುವುದಿಲ್ಲವೆಂಬುದು ಮಾತ್ರ ಸಮಾನವಾಗಿದೆ.

ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಕೂಲಿಗಳ ಸಾಮ್ಯವು ಇದಕ್ಕೆ ಉತ್ತಮವಾದ ನಿದರ್ಶನ. ಬೆಳಗಿನಿಂದ ಬಿಸಿಲಿನಲ್ಲಿ ದುಡಿದವರಿಗೂ, ಹೊತ್ತು ಮುಳುಗಲು ಒಂದು ಗಳಿಗೆಯಿರುವಾಗ ಬಂದವರಿಗೂ ಒಡೆಯನು ಒಂದೊಂದೇ ದಿನಗೂಲಿಯ ನಾಣ್ಯವನ್ನು ಕೊಡಿಸುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ. ಅವರಿಗೆ ಒಪ್ಪಿದ ಕೂಲಿಯಲ್ಲಿ ಕಡಿಮೆಯಾಗಿಲ್ಲ. ಇತರರಿಗೆ ದೊರೆತುದೇ ಅವರ ದುಃಖ. ತನ್ನ ಔದಾರ್ಯವನ್ನು ಕಂಡು ನಿನಗೆ ಹೊಟ್ಟೆಕಿಚ್ಚೇ ಎಂದು ಒಡೆಯನು ಕೇಳುವಲ್ಲಿಗೆ ಕಥೆಯು ನಿಲ್ಲುತ್ತದೆ. ಕೂಲಿಯವನು ಕೊಟ್ಟ ಉತ್ತರವನ್ನು ಸುವಾರ್ತೆಯು ಹೇಳುವುದಿಲ್ಲ. ಒಡೆಯನು ದೇವರು, ತೋಟವು ಇಸ್ರಾಯೇಲು ಎಂದು ಪಟ್ಟಿಮಾಡಿ ಮುಗಿಸಿದ ವಿದ್ಯಾರ್ಥಿಯು ಆ ಪ್ರಶ್ನೆಯನ್ನು ಇನ್ನೂ ಕೇಳಿಸಿಕೊಂಡಿರುವುದಿಲ್ಲ. ನ್ಯಾಯವು ಆ ಗೊಣಗಿದವರ ಕಡೆಗೇ ಇದೆಯೆಂದು ಒಮ್ಮೆಯಾದರೂ ಅನ್ನಿಸಿದವನಿಗೆ ಮಾತ್ರ ಅದು ತನ್ನನ್ನೇ ಕುರಿತು ಕೇಳಿದ ಪ್ರಶ್ನೆಯಾಗುವುದು.