ಗೋಲು ಬತ್ತಿದಾಗ ಏನು ಮಾಡಬೇಕು?

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಎಂದರೆ ನಾಡಿಗೆ ಮೊದಲು ನೆನಪಾಗುವುದು ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ. 2018ರ ಫೆಬ್ರುವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದವರೆಗೂ ಈ ಸೀಮೆ ಕಬಡ್ಡಿಯದ್ದು. ಹಾಕಿ ಸ್ಟಿಕ್ ಹಿಡಿಯುವ ಮಕ್ಕಳು ಇಲ್ಲಿ ಕಡಿಮೆ. ಹಿಡಿದವರು ಕ್ರೀಡಾ ವಸತಿನಿಲಯ ಸೇರಿ ಊರಿನಿಂದ ದೂರ ಹೋಗುತ್ತಾರೆ. ರಜೆಗೆ ಬಂದಾಗ ಜಗಲಿಯ ಮೇಲೆ ಕೂತವರು ಕೇಳುವುದು ಒಂದೇ ಮಾತು: "ಎಷ್ಟ್ ಗೋಲ್ ಹೊಡ್ದೆ ಮಗಾ?"

ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಇದು ಕಬಡ್ಡಿಗೆ ಒಗ್ಗಿದ ಕಣ್ಣು ಕೇಳುವ ಪ್ರಶ್ನೆ. ಕಬಡ್ಡಿಯಲ್ಲಿ ರೈಡರ್ ಒಂದೇ ಪಂದ್ಯದಲ್ಲಿ ಹಲವು ಸಲ ಎದುರಾಳಿ ಅಂಕಣಕ್ಕೆ ನುಗ್ಗುತ್ತಾನೆ, ಅಂಕ ಮೇಲಿಂದ ಮೇಲೆ ಬೀಳುತ್ತದೆ. ಹಾಕಿಯಲ್ಲಿ 15 ನಿಮಿಷಗಳ ನಾಲ್ಕು ಕ್ವಾರ್ಟರ್ ಓಡಿದರೂ ಒಬ್ಬ ಫಾರ್ವರ್ಡ್‌ಗೆ ನೇರವಾಗಿ ಗೋಲಿಗೆ ಹೊಡೆಯುವ ಅವಕಾಶ ಒಂದೆರಡು ಸಿಕ್ಕರೆ ಹೆಚ್ಚು. ಕೆಲವು ಪಂದ್ಯಗಳಲ್ಲಿ ಅದೂ ಇಲ್ಲ. ಹಾಗಾಗಿ ನಾಲ್ಕೈದು ಪಂದ್ಯ ಗೋಲಿಲ್ಲದೆ ಕಳೆದರೆ ಮಗು ತನ್ನ ಆಟವೇ ಹೋಯಿತೆಂದು ಕುಗ್ಗುತ್ತದೆ. ಲಯ ತಪ್ಪಿದ್ದು ನಿಜವೇ ಎಂದು ಮೊದಲು ನೋಡಬೇಕು. ಬಹಳ ಸಲ ಅದು ನಿಜವಾಗಿರುವುದಿಲ್ಲ.

ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಲೆಕ್ಕ ನೋಡಿ. 2007ರ ಏಷ್ಯಾ ಕಪ್‌ನಲ್ಲಿ ಭಾರತದ ಪರ ಆಡಲು ಆರಂಭಿಸಿ 2021ರಲ್ಲಿ ವಿದಾಯ ಹೇಳುವ ಹೊತ್ತಿಗೆ ಅವರು 264 ಪಂದ್ಯಗಳಲ್ಲಿ 72 ಗೋಲು ಹೊಡೆದಿದ್ದರು. ಪಂದ್ಯಕ್ಕೆ ಒಂದೇ ಗೋಲಿನಂತೆ ಹಂಚಿದರೂ 192 ಪಂದ್ಯಗಳಲ್ಲಿ ಅವರ ಹೆಸರಿನಲ್ಲಿ ಗೋಲಿಲ್ಲ. ಅಂಥ ಆಟಗಾರನನ್ನು ಏಷ್ಯನ್ ಹಾಕಿ ಫೆಡರೇಷನ್ 2016ರ ವರ್ಷದ ಆಟಗಾರ ಎಂದು ಗೌರವಿಸಿತು, 2017ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಬಲ ಅಂಚಿನಲ್ಲಿ ಅವರು ಓಡುವ ವೇಗಕ್ಕೆ ಎದುರಾಳಿ ರಕ್ಷಣೆ ಸೀಳಿಹೋಗುತ್ತಿತ್ತು, ಪೆನಾಲ್ಟಿ ಕಾರ್ನರ್ ದಕ್ಕುತ್ತಿತ್ತು, ಜೊತೆಗಾರನಿಗೆ ದಾರಿ ತೆರೆಯುತ್ತಿತ್ತು. ಇದ್ಯಾವುದೂ ಗೋಲು ಹೊಡೆದವರ ಪಟ್ಟಿಯಲ್ಲಿ ಕಾಣುವುದಿಲ್ಲ.

ಪೆನಾಲ್ಟಿ ಕಾರ್ನರ್ ಹೊಡೆಯುವವರಿಗೂ ಇದೇ ಗಣಿತ. ಸರಾಸರಿ ನಾಲ್ಕರಲ್ಲಿ ಒಂದನ್ನು ಗೋಲಾಗಿಸುವ ಒಳ್ಳೆಯ ಡ್ರ್ಯಾಗ್‌ಫ್ಲಿಕ್ಕರ್ ಇದ್ದಾನೆ ಎಂದುಕೊಳ್ಳೋಣ. ಅವನು ಸತತ ಎಂಟು ಸಲ ವಿಫಲನಾಗುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಕೈಚಳಕ ಕೂದಲೆಳೆಯಷ್ಟೂ ಕೆಡದೆ, ಬರೀ ಆಕಸ್ಮಿಕವಾಗಿ ಇಷ್ಟು ಆಗುತ್ತದೆ. ಆ ಎಂಟನ್ನು ನೋಡಿ ಹಿಡಿತ ಬದಲಿಸಿದರೆ, ಪಾದದ ಜಾಗ ಬದಲಿಸಿದರೆ, ಇಲ್ಲದ ರೋಗಕ್ಕೆ ಮದ್ದು ಕೊಟ್ಟು ನಿಜವಾದ ರೋಗ ತಂದುಕೊಂಡಂತೆ.

ಹಾಗಾದರೆ ನಿಜವಾಗಿ ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ನಾಲೆಯ ಕೊನೇಭಾಗಕ್ಕೆ ನೀರು ಬರದಿದ್ದರೆ ನಮ್ಮ ರೈತರು ಗದ್ದೆಯನ್ನು ಬೈಯುತ್ತ ಕೂರುವುದಿಲ್ಲ, ತೂಬಿನಿಂದಲೇ ನೋಡಿಕೊಂಡು ಬರುತ್ತಾರೆ. ಗೋಲೂ ಕೊನೇಭಾಗದ್ದು. ಅದರ ಮೇಲೆ ನಾಲ್ಕು ಹಂತಗಳಿವೆ: ಚೆಂಡು ಎಷ್ಟು ಸಲ ಸಿಕ್ಕಿತು, ಎಷ್ಟು ಸಲ ಗೋಲಿನ ಮುಂದಿನ 'ಡಿ' ವೃತ್ತದ ಒಳಗೆ ಹೋಗಿದ್ದಾಯಿತು, ಎಷ್ಟು ಸಲ ಹೊಡೆದದ್ದು, ಅದರಲ್ಲಿ ಎಷ್ಟು ಗೋಲಿನ ನೇರಕ್ಕೆ ಹೋಯಿತು. ಬೆಂಚಿನ ಮೇಲಿರುವ ಗೆಳೆಯನ ಕೈಗೆ ಒಂದು ನೋಟ್‌ಬುಕ್ ಕೊಟ್ಟರೆ ಸಾಕು, ಅವನು ಗೀಟು ಹಾಕಿಕೊಂಡು ಹೋಗುತ್ತಾನೆ. ಐದಾರು ಪಂದ್ಯದ ಗೀಟುಗಳನ್ನು ಹಳೆಯ ದಿನಗಳ ಜೊತೆ ಹೋಲಿಸಿದರೆ ಎಲ್ಲಿ ಕಟ್ಟಿಕೊಂಡಿದೆ ಎಂದು ಗೊತ್ತಾಗುತ್ತದೆ. ಎಲ್ಲ ಹಂತವೂ ಮೊದಲಿನಂತೆಯೇ ಇದ್ದು ಗೋಲು ಮಾತ್ರ ಇಲ್ಲದಿದ್ದರೆ ಏನನ್ನೂ ಬದಲಿಸಬೇಡಿ, ಆಡುತ್ತಿರಿ. ಚೆಂಡೇ ಸಿಗುತ್ತಿಲ್ಲವೆಂದರೆ ಅದು ಓಟದ, ನಿಲ್ಲುವ ಜಾಗದ, ಇಲ್ಲವೇ ಮೈಯ ಸಮಸ್ಯೆ. ಹೊಡೆದದ್ದೆಲ್ಲ ಹೊರಗೆ ಹೋಗುತ್ತಿದ್ದರೆ ಕೈಯದ್ದೋ ಮನಸ್ಸಿನದ್ದೋ.

ಮೈಯನ್ನು ಮೊದಲು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಎಲ್ಲರೂ ಕೊನೆಗೆ ನೋಡುವುದು ಅದನ್ನೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆಯಿರುವ ಹುಡುಗಿ ಮೊದಲ ಕ್ವಾರ್ಟರ್ ಚೆನ್ನಾಗಿಯೇ ಆಡುತ್ತಾಳೆ. ಮೂರನೆಯದರಲ್ಲಿ ಕಾಲು ಏಳುವುದಿಲ್ಲ, ಚೆಂಡಿಗೆ ಅರ್ಧ ಹೆಜ್ಜೆ ತಡವಾಗುತ್ತದೆ. ನೋಡುವವರು "ಮನಸ್ಸಿಟ್ಟು ಆಡ್ತಿಲ್ಲ" ಅನ್ನುತ್ತಾರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುವ ಒಂದು ಚಿಕ್ಕ ರಕ್ತ ಪರೀಕ್ಷೆ ಆ ಮಾತನ್ನು ಸುಳ್ಳು ಮಾಡಬಲ್ಲದು. ವಯಸ್ಕ ಹೆಣ್ಣುಮಕ್ಕಳಿಗೆ ಡೆಸಿಲೀಟರಿಗೆ 12 ಗ್ರಾಂ, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಒಳ್ಳೆಯ ಊಟವೇ. ಜೊತೆಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ, ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಕಡಿಮೆಯಾಗುತ್ತದೆ. ಕೊರತೆ ಹೆಚ್ಚಿದ್ದರೆ ಮಾತ್ರೆ ಬೇಕೇ ಬೇಕು, ಅದನ್ನು ವೈದ್ಯರು ಹೇಳಲಿ.

ಹದಿಮೂರು, ಹದಿನಾಲ್ಕರ ಹುಡುಗರಲ್ಲಿ ಇನ್ನೊಂದು ಕಾರಣವಿದೆ. ಕೆಲವೇ ತಿಂಗಳಲ್ಲಿ ಕೈಕಾಲು ಉದ್ದವಾಗುತ್ತವೆ, ಹಳೆಯ ಅಳತೆಗೆ ಕಲಿತಿದ್ದ ಚಲನೆ ಹೊಸ ಮೈಗೆ ಹೊಂದುವುದಿಲ್ಲ. ನಿನ್ನೆ ತಾನಾಗಿ ನಿಲ್ಲುತ್ತಿದ್ದ ಚೆಂಡು ಇವತ್ತು ಸ್ಟಿಕ್ ತಾಗಿ ಹಾರುತ್ತದೆ. ಗೋಡೆಯ ಮೇಲೆ ತಿಂಗಳಿಗೊಮ್ಮೆ ಎತ್ತರ ಗುರುತು ಮಾಡಿ ನೋಡಿ. ಬೇಗ ಬೆಳೆಯುತ್ತಿದ್ದರೆ ಸ್ಟಿಕ್ ಚಿಕ್ಕದಾಗಿದೆಯೇ ಪರೀಕ್ಷಿಸಿ, ಚೆಂಡು ತಡೆಯುವ, ತಳ್ಳುವ ಮೊದಲ ಪಾಠಗಳಿಗೆ ಸ್ವಲ್ಪ ಕಾಲ ಮರಳಿ. ಮೊಣಕಾಲ ಚಿಪ್ಪಿನ ಕೆಳಗೆ ನೋವಿದ್ದರೆ ಓಡಿಸಬೇಡಿ. ಈ ವಯಸ್ಸಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಹಿಡಿದು ಬೆಳಗ್ಗೆ ಐದಕ್ಕೆ ಮೈದಾನಕ್ಕೆ ಇಳಿಯುವವನಿಗೆ ಅದು ಸಿಗುವುದು ಸಾಧ್ಯವೇ ಇಲ್ಲ.

ನೆಲದ ವಿಷಯಕ್ಕೆ ಬರೋಣ. ಮಣ್ಣಿನ ಮೈದಾನದಲ್ಲಿ ಕಲಿತ ಮಗುವಿಗೆ ಟರ್ಫ್ ಮೇಲೆ ಇದ್ದಕ್ಕಿದ್ದಂತೆ ಆಟವೇ ಬರದಂತಾಗುವುದು ಮಾಮೂಲಿ. ಇದು ದೇಶಕ್ಕೇ ಆಗಿದೆ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ಭಾರತ ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಒಲಿಂಪಿಕ್ಸ್ ಹಾಕಿ ಕೃತಕ ಹಾಸಿನ ಮೇಲೆ ನಡೆದದ್ದು ಅದೇ ಮೊದಲು. ಕೊಡಗಿನ ಬಿ.ಪಿ. ಗೋವಿಂದ ಅವರು ಎರಡೂ ತಂಡದಲ್ಲಿದ್ದರು. ಒಂದು ವರ್ಷದಲ್ಲಿ ಅಂಥವರ ಕೈ ಆಟ ಮರೆಯುವುದಿಲ್ಲ. ಮಣ್ಣಿನಲ್ಲಿ ಚೆಂಡು ಪುಟಿಯುತ್ತದೆ, ನಿಧಾನವಾಗುತ್ತದೆ, ಮಣಿಕಟ್ಟಿನಲ್ಲಿ ಆಡಿಸಲು ಸಮಯವಿರುತ್ತದೆ. ನೀರು ಹಾಕಿದ ಟರ್ಫ್‌ನಲ್ಲಿ ಅದು ನೆಲಕ್ಕಂಟಿಕೊಂಡೇ ಶರವೇಗದಲ್ಲಿ ಬರುತ್ತದೆ, ಸೊಂಟ ಬಗ್ಗಿಸುವ ಬದಲು ಮಂಡಿ ಮಡಿಸಿ ಸ್ಟಿಕ್ ತಗ್ಗಿಸಬೇಕು. ಟರ್ಫ್ ಪಂದ್ಯಾವಳಿಗೆ ಹೋಗುವ ಮುನ್ನ ಊರಿನಲ್ಲೇ ನುಣುಪಾದ ಸಿಮೆಂಟ್ ಅಂಗಳದಲ್ಲಿ ಗೋಡೆಗೆ ಚೆಂಡು ತಳ್ಳಿ, ಮರಳಿ ಬಂದದ್ದನ್ನು ತಗ್ಗಿ ತಡೆಯುವ ಅಭ್ಯಾಸ ಮಾಡಿದರೆ ಕಣ್ಣು ವೇಗಕ್ಕೆ ಒಗ್ಗುತ್ತದೆ.

ಮೈ ಸರಿಯಿದೆ, ನೆಲ ಹೊಸದಲ್ಲ, ಆದರೂ ಚೆಂಡು ಗೋಲಿಗೆ ಹೋಗುತ್ತಿಲ್ಲ ಎಂದರೆ ಸಾಮಾನ್ಯವಾಗಿ ಆಗಿರುವುದು ಹೀಗೆ. ಕಲಿಯುವಾಗ ನಾವು ಕೈ, ಕಾಲು, ಭುಜ ಒಂದೊಂದನ್ನೂ ಗಮನಿಸಿ ಕಲಿಯುತ್ತೇವೆ. ಕಲಿತ ಮೇಲೆ ಅದೆಲ್ಲ ತಾನೇ ನಡೆಯುತ್ತದೆ. ಒಂದೆರಡು ತಪ್ಪಿದ ಹೊಡೆತಗಳ ನಂತರ ಭಯ ಹೊಕ್ಕು ಗಮನ ಮತ್ತೆ ಮಣಿಕಟ್ಟಿನ ಮೇಲೆ ಕೂರುತ್ತದೆ. ಒಂದೇ ಓಘದಲ್ಲಿ ಆಗಬೇಕಾದ ಹೊಡೆತ ತುಂಡುತುಂಡಾಗುತ್ತದೆ. ಇಂಥ ಸಮಯದಲ್ಲಿ "ಕೈ ನೋಡ್ಕೊ, ಭುಜ ನೋಡ್ಕೊ" ಎಂದು ಗೆರೆಯಾಚೆಯಿಂದ ಕೂಗುವುದು ಗಾಯಕ್ಕೆ ಉಪ್ಪು. ಗಮನವನ್ನು ಮೈಯಿಂದ ಹೊರಗೆ ತಂದು ಕೂರಿಸಬೇಕು. ಗೋಲಿನ ಒಳಗೆ ಕೆಳಗಡೆ 18 ಅಂಗುಲದ ಹಲಗೆಯಿದೆ, ಅದರ ಒಂದು ಮೂಲೆಯನ್ನು ಆಯ್ದುಕೊಂಡು ಅಲ್ಲಿ 'ಠಕ್' ಎಂಬ ಸದ್ದು ಕೇಳಬೇಕು ಎಂದಷ್ಟೇ ಇಟ್ಟುಕೊಳ್ಳಿ. ಪೆನಾಲ್ಟಿ ಕಾರ್ನರ್‌ಗೆ ಮುಂಚೆ ಪ್ರತಿಸಲವೂ ಒಂದೇ ಕ್ರಮ ಇರಲಿ: ಉಸಿರು ಪೂರ್ತಿ ಬಿಡುವುದು, ಮೂಲೆ ನೋಡುವುದು, ಹೆಜ್ಜೆ.

ಅಭ್ಯಾಸ ಹೆಚ್ಚಿಸುವುದೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಗೋಲು ಬಾರದವನಿಗೆ ದಿನಕ್ಕೆ ಇನ್ನೂರು ಹೊಡೆತದ ಶಿಕ್ಷೆ. ದಣಿದ ಕೈ ತಪ್ಪನ್ನೇ ಕಲಿಯುತ್ತದೆ. ಅದರ ಬದಲು ನಲವತ್ತು ಸಾಕು, ಎಂಟೆಂಟರಂತೆ, ನಡುವೆ ವಿರಾಮ ಕೊಟ್ಟು. ಮೊದಲ ಕೆಲವು ದಿನ ಗೋಲಿನಿಂದ ಐದಾರು ಹೆಜ್ಜೆಯಿಂದ, ಗೋಲ್‌ಕೀಪರ್ ಇಲ್ಲದೆ. ಆಮೇಲೆ ಗೋಲ್‌ಕೀಪರ್ ನಿಲ್ಲಿಸಿ, ಪ್ರತಿ ಹೊಡೆತಕ್ಕೂ ಕೋನ ಬದಲಿಸಿ. ಒಂದೇ ಜಾಗದಿಂದ ಹೊಡೆದರೆ ಅಭ್ಯಾಸದಲ್ಲಿ ಚೆನ್ನಾಗಿ ಕಾಣುತ್ತದೆ, ಬದಲಿಸುತ್ತ ಹೊಡೆದರೆ ಅಭ್ಯಾಸದಲ್ಲಿ ತಪ್ಪಿದರೂ ಪಂದ್ಯದಲ್ಲಿ ನಿಲ್ಲುತ್ತದೆ. ಕೊನೆಗೆ ಸಮಯದ ಒತ್ತಡ ತನ್ನಿ: ಶೂಟೌಟ್‌ನಂತೆ 23 ಮೀಟರ್ ಗೆರೆಯಿಂದ ಎಂಟು ಸೆಕೆಂಡು.

ಇದೆಲ್ಲ ನಿಧಾನದ ಕೆಲಸ. 2023ರ ಜನವರಿಯಲ್ಲಿ ಒಡಿಶಾದ ವಿಶ್ವಕಪ್‌ನಲ್ಲಿ ಭಾರತ ನ್ಯೂಜಿಲೆಂಡ್‌ಗೆ ಶೂಟೌಟ್‌ನಲ್ಲಿ ಸೋತು ಹೊರಬಿದ್ದಾಗ ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರ ಪೆನಾಲ್ಟಿ ಕಾರ್ನರ್ ಹೊಡೆತಗಳ ಬಗ್ಗೆ ದೇಶವೆಲ್ಲ ಮಾತಾಡಿತು. ಅವರನ್ನು ಯಾರೂ ಕೈಬಿಡಲಿಲ್ಲ. ಹೊಸ ಕೋಚ್ ಕ್ರೇಗ್ ಫುಲ್ಟನ್ ಬಂದರು, ಆಟಗಾರರ ಮನಸ್ಸಿನ ತರಬೇತಿಗೆ ಪ್ಯಾಡಿ ಅಪ್ಟನ್ ಬಂದರು, ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಶಿಬಿರಗಳು ನಡೆದವು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರ್ಮನ್‌ಪ್ರೀತ್ 10 ಗೋಲು ಹೊಡೆದು ಟೂರ್ನಿಯಲ್ಲೇ ಮೊದಲಿಗರಾದರು, ಕಂಚಿನ ಪಂದ್ಯದಲ್ಲಿ ಸ್ಪೇನ್ ವಿರುದ್ಧದ ಎರಡೂ ಗೋಲು ಅವರದೇ. ನಡುವೆ ಹಿಡಿದದ್ದು ಒಂದೂವರೆ ವರ್ಷ. ನಮ್ಮ ಶಾಲಾ ತಂಡಗಳಲ್ಲಿ ಮಕ್ಕಳಿಗೆ ಒಂದು ತಿಂಗಳೂ ಸಿಗುವುದಿಲ್ಲ.

ಆಟದ ಜೊತೆಗೆ ಊಟ, ನಿದ್ದೆ, ಗೆಳೆಯರ ಮಾತು ಯಾವುದೂ ಬೇಡವಾಗಿ ವಾರಗಟ್ಟಲೆ ಮಗು ಮಂಕಾಗಿದ್ದರೆ ಅದು ಹಾಕಿಯ ಸಮಸ್ಯೆಯಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರಲ್ಲಿ, ಪಿ.ಟಿ. ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಸೋತು ಬಂದ ಸಂಜೆ ಗೋಲಿನ ಮಾತು ತೆಗೆಯಬೇಡಿ. "ಉಂಡ್ಯಾ ಮಗಾ?" ಎಂದು ಕೇಳಿ, ಉಳಿದದ್ದು ನಾಳೆಯಾಗಲಿ. ಗೋಲು ಹೊಡೆಯುತ್ತಿಲ್ಲವೆಂದು ಒಂದು ಮಗುವನ್ನು ತಂಡದಿಂದ ತೆಗೆಯುವ ಮುನ್ನ ಐದು ಪಂದ್ಯದ ಗೀಟುಗಳನ್ನು ಎಣಿಸಿ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.